ಒಂದು ಕೊಕ್ಕೆ, ಎರಡು ಬಿಲ್ಲೆ

ಲಿಫ್ಟ್ ರಿಪೇರಿ ಮಾಡುವವರಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಯಂತ್ರದೊಳಗೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ಚನ್ನು ಕೆಳಗೆಳೆದು, ಅದರ ಹಿಡಿಗೆ ತಮ್ಮ ನಂಬರಿನ ಬಿಲ್ಲೆಯನ್ನು ತೂಗುಹಾಕಬೇಕು. ಇಬ್ಬರು ಕೆಲಸಕ್ಕಿಳಿದರೆ ಎರಡು ಬಿಲ್ಲೆ, ಐವರಿಳಿದರೆ ಐದು. ತೂಗುಹಾಕಿದವರೇ ಬಂದು ತೆಗೆಯಬೇಕು. ಕೊನೆಯ ಬಿಲ್ಲೆ ಇಳಿಯುವವರೆಗೆ ಮಾಲೀಕನಲ್ಲ, ಮಾಲೀಕನ ಅಪ್ಪ ಬಂದರೂ ಆ ಯಂತ್ರವನ್ನು ಚಾಲೂ ಮಾಡುವ ಹಾಗಿಲ್ಲ. ನಮ್ಮ ಮೇಸ್ತ್ರಿಯವರದು ಹದಿನಾಲ್ಕನೇ ನಂಬರಿನ ಹಿತ್ತಾಳೆ ಬಿಲ್ಲೆ. ಮೂವತ್ತೊಂದು ವರ್ಷ ಅವರ ಜೇಬಿನಲ್ಲೇ ಉಜ್ಜಿ ಉಜ್ಜಿ ನಂಬರು ಅರ್ಧ ಸವೆದುಹೋಗಿದೆ. ಅವರ ಅಸಲು ಹೆಸರು ಗುರುತಿನ ಚೀಟಿಯಲ್ಲಿ ತಣ್ಣಗೆ ಮಲಗಿದೆ. ಉಳಿದ ಲೋಕಕ್ಕೆಲ್ಲ ಅವರು ಬಿಲ್ಲೆ ಮೇಸ್ತ್ರಿ.

ಈ ಬಿಲ್ಲೆಯ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಅವರಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಯ ಎಡಗೈಯಲ್ಲಿ ಮೂರೇ ಬೆರಳು ಇದ್ದವು. ಯಾರೋ ಒಬ್ಬ, 'ಇವರು ಊಟಕ್ಕೆ ಹೋಗಿರಬೇಕು' ಎಂದುಕೊಂಡು ಅವರ ಬಿಲ್ಲೆ ತೆಗೆದು ಸ್ವಿಚ್ ಎತ್ತಿದ್ದ. ಅದನ್ನು ಕೇಳಿದ ದಿನದಿಂದ ನಮ್ಮ ಮೇಸ್ತ್ರಿ ಬೇರೆಯವರ ಬಿಲ್ಲೆಯ ಕಡೆ ಬೆರಳು ಚಾಚಿದವರಲ್ಲ. ಹೊಸಬರ ತಂಡ ಬಂದಾಗಲೆಲ್ಲ ಎದೆ ಮುಂದೆ ಮಾಡಿಕೊಂಡು ಒಂದು ಮಾತು ಹೇಳುತ್ತಿದ್ದರು: "ಬಿಲ್ಲೆ ತೂಗ್ತಾ ಇರುವಾಗ ನನ್ನ ಕೈಕೆಳಗಿನ ಒಂದು ಯಂತ್ರ ಇವತ್ತಿನವರೆಗೆ ಅಲ್ಲಾಡಿಲ್ಲ. ಇನ್ನೊಂದು ವಿಷಯ. ಗುಂಡಿ ಒತ್ತಿ ನಿಲ್ಲಿಸಿದ್ದನ್ನ ನಿಂತಿದೆ ಅಂತ ನಂಬಬೇಡಿ. ಕರೆಂಟು ಕಿತ್ತ ಮೇಲೆ ನಂಬಿ."

ಆ ಪದ್ಧತಿ ಮನೆಗೂ ಬಂತು. ಹೆಂಡತಿ ಫ್ಯಾನಿನ ರೆಕ್ಕೆ ಒರೆಸಲು ಸ್ಟೂಲು ಹತ್ತಿದರೆ ಸ್ವಿಚ್‌ಬೋರ್ಡಿಗೆ ಬಿಲ್ಲೆ. ನೀರಿನ ಟ್ಯಾಂಕು ತೊಳೆಯುವಾಗ ಪಂಪಿನ ಸ್ವಿಚ್ಚಿಗೆ ಬಿಲ್ಲೆ. "ನಾನು ಬಾಯಿ ಮುಚ್ಚಿಕೊಂಡಿರಬೇಕಾದರೆ ನನ್ನ ಮೂಗಿಗೂ ಒಂದು ತೂಗುಹಾಕಿಬಿಡಿ" ಎಂದು ಹೆಂಡತಿ ಗೇಲಿ ಮಾಡಿದರು. ಮೇಸ್ತ್ರಿ ಅದನ್ನು ಗೇಲಿ ಎಂದು ತಿಳಿಯದೆ, ಹಿತ್ತಾಳೆ ತಗಡು ಕತ್ತರಿಸಿ, ಅಂಚು ಅರದಿಂದ ಉಜ್ಜಿ, ಅವರಿಗೂ ಒಂದು ಬಿಲ್ಲೆ ಮಾಡಿಕೊಟ್ಟರು. ಅದಕ್ಕೆ ನಂಬರು ಹಾಕಲಿಲ್ಲ. ಹಾಕಿದರೆ ಮನೆಯಲ್ಲಿ ಒಂದನೇ ನಂಬರು ಯಾರದು ಎಂಬ ಜಗಳ ಹುಟ್ಟಿಕೊಳ್ಳುತ್ತದೆ ಎಂಬ ಬುದ್ಧಿ ಅವರಿಗೆ ಇತ್ತು. ನಂಬರಿನ ಬದಲು ಒಂದು ಮೈಕಿನ ಚಿತ್ರ ಕೊರೆದರು.

ಮೈಕು ಯಾಕೆಂದರೆ, ಆಕೆ ಇಪ್ಪತ್ತಾರು ವರ್ಷ ದೊಡ್ಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಆಗಮನ ನಿರ್ಗಮನ ಕೂಗಿದವರು. ಡ್ರೈವರು ಕಂಡಕ್ಟರುಗಳೆಲ್ಲ ಅವರನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು. ಬಸ್ಸು ತಡವಾದರೆ ಮೈಕಮ್ಮನ ದನಿಯಲ್ಲಿ ಒಂದು ಬೇಸರ, ಕಳೆದುಹೋದ ಮಗು ಸಿಕ್ಕಿದರೆ ಒಂದು ನಗು ಕೇಳಿಸುತ್ತಿತ್ತು. ನಾಲ್ಕು ವರ್ಷದ ಹಿಂದೆ ಆ ಕುರ್ಚಿಯಲ್ಲಿ ಮುದ್ರಿತ ದನಿಯ ಪೆಟ್ಟಿಗೆ ಬಂದು ಕೂತಿತು. ಮೈಕಮ್ಮನನ್ನು ಟಿಕೆಟ್ ವಿಭಾಗಕ್ಕೆ ಕಳಿಸಿ, ಆಮೇಲೆ ಮನೆಗೇ ಕಳಿಸಿದರು. "ಪೆಟ್ಟಿಗೆಯಲ್ಲಿರೋ ಆ ಹುಡುಗಿಗೆ ಬಸ್ಸು ಬಂದರೂ ಒಂದೇ, ಕೆಟ್ಟು ನಿಂತರೂ ಒಂದೇ" ಎಂದು ಮೈಕಮ್ಮ ಈಗಲೂ ಹಲ್ಲು ಕಡಿಯುತ್ತಾರೆ. ಮನೆಗೆ ಬಂದ ಮೇಲೆ ಅವರು ಬೇಳೆ ಡಬ್ಬದ ಮೇಲಿನ ಬರಹವನ್ನೂ ಜೋರಾಗಿ ಓದುತ್ತಿದ್ದರು. ಅಷ್ಟು ಒಳ್ಳೆಯ ಗಂಟಲು ಅಡುಗೆಮನೆಯಲ್ಲಿ ವ್ಯರ್ಥವಾಗುತ್ತಿದೆ ಎಂದು ಮೇಸ್ತ್ರಿಗೆ ಒಳಗೊಳಗೇ ಸಂಕಟ.

ಮೇಸ್ತ್ರಿಗೆ ಮಾತ್ರ ಆ ವೇಳೆಗೆ ಬೇರೆ ಸಂಭ್ರಮ ಶುರುವಾಗಿತ್ತು. ಅವರು ಲಿಫ್ಟ್ ನೋಡಿಕೊಳ್ಳುತ್ತಿದ್ದ ಕಟ್ಟಡದಲ್ಲಿ ಕಂಪ್ಯೂಟರ್ ಆಟದ ಅಂಗಡಿಯೊಂದು ಬಾಗಿಲು ಮುಚ್ಚಿತು. ಅಲ್ಲಿಂದ ಆರು ಗ್ರಾಫಿಕ್ಸ್ ಕಾರ್ಡುಗಳನ್ನು ಹಳೆಯ ಸಾಮಾನಿನ ದರಕ್ಕೆ ಹೊತ್ತುತಂದರು. ಮಲಗುವ ಕೋಣೆಗೆ ಅಂಟಿಕೊಂಡ ಉಗ್ರಾಣದಲ್ಲಿ ಮರದ ಚೌಕಟ್ಟು ಹೊಡೆದು, ಆರನ್ನೂ ಸಾಲಾಗಿ ತೂಗಿಹಾಕಿ, ಮನೆಯ ಫೋಟೋ ವಿಡಿಯೋ ಎಲ್ಲ ತುಂಬಿಟ್ಟಿದ್ದ ಹಳೆಯ ಸರ್ವರ್ ಕಂಪ್ಯೂಟರಿಗೆ ಜೋಡಿಸಿದರು. ಕಣ್ಣಿಗೆ ಕಾಣದ ನಾಣ್ಯ ಹುಟ್ಟಿಸುವ ಕೆಲಸ ಅದು. ಲೋಕದ ಯಾವುದೋ ಮೂಲೆಯ ವಹಿವಾಟನ್ನು ಖಾತ್ರಿಪಡಿಸುವ ಒಗಟಿನಂಥ ಲೆಕ್ಕಗಳನ್ನು ಕಾರ್ಡುಗಳು ಬಿಡಿಸುತ್ತಾ ಕೂರುತ್ತವೆ. ಬಿಡಿಸಿದವರ ಪಾಲಿಗೆ ನಾಣ್ಯದ ಒಂದು ಚೂರು. ಆ ಚೂರುಗಳೆಲ್ಲ ಸೇರಿ ಕರೆಂಟಿನ ಖರ್ಚು ಹೊರಟು, ಕಾರ್ಡು ತಣಿಸುವ ಪುಟ್ಟ ಫ್ಯಾನು ವರ್ಷಕ್ಕೆರಡು ಹೊಸದು ಬರುತ್ತಿತ್ತು. ಲಾಭ ಎಷ್ಟು ಎಂದು ಯಾರಾದರೂ ಕೇಳಿದರೆ ಮೇಸ್ತ್ರಿ ಹವಾಮಾನದ ಮಾತು ತೆಗೆಯುತ್ತಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ನಾಣ್ಯ ಬೇಕಿರಲಿಲ್ಲ, ಆರು ಯಂತ್ರಗಳು ಸರಿಯಾಗಿ ಓಡುವುದನ್ನು ನೋಡುವ ಸುಖ ಬೇಕಿತ್ತು.

ಸಾಫ್ಟ್‌ವೇರಿನ ಕೆಲಸವನ್ನೆಲ್ಲ ದೂರದಲ್ಲಿದ್ದ ಅಕ್ಕನ ಮಗಳು ಫೋನಿನಲ್ಲೇ ಮಾಡಿಸಿದಳು. ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಅವಳು. ಆರು ಕಾರ್ಡಿಗೂ ಆರು ಕಂಟೇನರ್ ಮಾಡೋಣ ಎಂದಳು.

"ಕಂಟೇನರ್ ಅಂದ್ರೆ ಏನಿಲ್ಲ ಮಾವ, ಒಂದೇ ಕಂಪ್ಯೂಟರಿನೊಳಗೆ ಗೋಡೆ ಎಬ್ಬಿಸಿ ಬೇರೆ ಬೇರೆ ಬಿಡಾರ ಮಾಡಿಕೊಟ್ಟ ಹಾಗೆ. ಒಂದು ಬಿಡಾರದಲ್ಲಿ ಗಲಾಟೆಯಾದ್ರೆ ಪಕ್ಕದವರಿಗೆ ತೊಂದರೆ ಇಲ್ಲ."

"ಆರು ಲಿಫ್ಟು ಓಡಾಡೋಕೆ ಆರು ಬೇರೆ ಬೇರೆ ಶಾಫ್ಟು ಅನ್ನು" ಎಂದರು ಮೇಸ್ತ್ರಿ. ಅವರಿಗೆ ವಿಷಯ ಅಲ್ಲಿಗೆ ಪೂರ್ತಿ ಅರ್ಥವಾಯಿತು.

"ಈಗ ಒಂದು ಪ್ರಶ್ನೆ. ನಿಂತುಹೋದ್ರೆ ಮತ್ತೆ ಏಳಬೇಕಾ ಅಂತ ಕೇಳತ್ತೆ. 'ಯಾವಾಗಲೂ ಏಳು' ಅನ್ನೋದು ಒಂದು. 'ನಾನಾಗಿ ಕೂರಿಸಿದ್ದರೆ ಏಳಬೇಡ, ಇಲ್ಲದಿದ್ದರೆ ಏಳು' ಅನ್ನೋದು ಇನ್ನೊಂದು. ಯಾವುದು ಹಾಕ್ಲಿ?"

"ಯಾವಾಗಲೂ ಅಂತ ಹಾಕಮ್ಮ. ನಿಂತ ಯಂತ್ರದ ಮುಖ ನೋಡ್ಕೊಂಡು ಕೂರೋ ಜನ ಅಲ್ಲ ನಾವು."

ಎರಡನೆಯ ಆಯ್ಕೆಯ ಬಗ್ಗೆ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಲಿಫ್ಟ್ ನಿಂತರೆ ಹತ್ತು ಮಹಡಿಯ ಜನ ಬೈಯುತ್ತಾರೆ, ಓಡಿದರೆ ಯಾರೂ ನೆನೆಯುವುದಿಲ್ಲ. ಅಂಥ ಕೆಲಸದಲ್ಲಿ ಬೆಳೆದವರಿಗೆ 'ಯಾವಾಗಲೂ' ಎಂಬ ಮಾತು ಕಿವಿಗೆ ಹಿತವಾಗಿ ಕೇಳಿಸಿತು. ಆರು ಕಾರ್ಡು, ಒಂದೊಂದಕ್ಕೆ ಮೂರು ಫ್ಯಾನು, ಒಟ್ಟು ಹದಿನೆಂಟು ಫ್ಯಾನುಗಳು ಅಂದಿನಿಂದ ಉಗ್ರಾಣದಲ್ಲಿ ಭೋರ್ಗರೆಯತೊಡಗಿದವು.

ಇಷ್ಟರಲ್ಲಿ ಮೈಕಮ್ಮನಿಗೆ ಒಂದು ಕಾಗದ ಬಂತು. ಅಂಧರಿಗೆ ಪುಸ್ತಕಗಳನ್ನು ಓದಿ ಕೇಳಿಸುವ ಗ್ರಂಥಾಲಯವೊಂದು ಇತ್ತು. ಅಲ್ಲಿಗೆ ಹೊಸ ಓದುಗರನ್ನು ತೆಗೆದುಕೊಳ್ಳುತ್ತಿದ್ದರು. ಅವರು ಕಳಿಸಿದ ಪುಟಗಳನ್ನು ಒಂದು ಗಂಟೆ ಕಾಲ, ಎಲ್ಲೂ ನಿಲ್ಲಿಸದೆ, ಒಂದೇ ಉಸಿರಿನಲ್ಲಿ ಎಂಬಂತೆ ಓದಿ, ರೆಕಾರ್ಡ್ ಮಾಡಿ, ತಿಂಗಳ ಕೊನೆಯ ಶನಿವಾರ ಮಧ್ಯಾಹ್ನದೊಳಗೆ ತಂದುಕೊಡಬೇಕು. ಹಿನ್ನೆಲೆಯಲ್ಲಿ ಗದ್ದಲ ಇರಬಾರದು, ಕತ್ತರಿಸಿ ಅಂಟಿಸಿದ್ದು ನಡೆಯದು. ಐವತ್ತೈದು ತುಂಬಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಮೈಕಮ್ಮನಿಗೆ ಐವತ್ತೈದು ತುಂಬಲು ಎರಡು ತಿಂಗಳಿತ್ತು. ಮುಂದಿನ ಆಯ್ಕೆ ಒಂದು ವರ್ಷದ ನಂತರ. ಅಂದರೆ ಇದೇ ಮೊದಲು, ಇದೇ ಕೊನೆ.

"ಇದೊಂದು ಸಿಕ್ಕಿಬಿಟ್ರೆ ಸಾಕು ರೀ. ನನ್ನ ದನಿ ಇನ್ನೂ ಯಾರಿಗೋ ಬೇಕು ಅಂತ ಗೊತ್ತಾದ್ರೆ ಸಾಕು" ಎಂದರು ಮೈಕಮ್ಮ. ಅವರು ಹೀಗೆ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ಮೇಸ್ತ್ರಿ ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಓದಬೇಕಾಗಿದ್ದದ್ದು ಜೇನು ಸಾಕಣೆಯ ಪುಸ್ತಕ. ಮೈಕಮ್ಮ ಮೂರು ವಾರ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು. ಯಾವ ಪುಟದಲ್ಲಿ ರಾಣಿಜೇನು ಹುಟ್ಟುತ್ತಾಳೆ, ಯಾವ ಸಾಲಿನಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದೆಲ್ಲ ಮೇಸ್ತ್ರಿಗೂ ಬಾಯಿಪಾಠವಾಯಿತು. ಬೀದಿಗೆ ಹೊಂದಿಕೊಂಡ ಕೋಣೆಯಲ್ಲಿ ವಾಹನಗಳ ಕಾಟ. ಮನೆಯಲ್ಲಿ ಬೀದಿಯ ಸದ್ದು ತಲುಪದ ಜಾಗ ಎಂದರೆ ಮಲಗುವ ಕೋಣೆ ಒಂದೇ. ಕಿಟಕಿಯ ಪಕ್ಕ ಮೇಜು ಹಾಕಿ, ದನಿ ಮಾರ್ದನಿಸದಂತೆ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಸುತ್ತ ಹೊದಿಕೆಗಳನ್ನು ನೇತುಹಾಕಿದರು. ಸೆಲ್ ಹಾಕಿ ನಡೆಸುವ ಪುಟ್ಟ ರೆಕಾರ್ಡರು ತಂದರು. ಉಳಿದದ್ದು ಉಗ್ರಾಣದ ಹದಿನೆಂಟು ಫ್ಯಾನುಗಳು.

"ಅದಕ್ಕೇನಂತೆ, ನಿಲ್ಲಿಸ್ತೀನಿ" ಎಂದರು ಮೇಸ್ತ್ರಿ.

ಗುರುವಾರ ಅವರಿಗೆ ವಾರದ ರಜೆ. ಮಧ್ಯಾಹ್ನ ಎರಡು ಗಂಟೆಗೆ ಕೂತು ಆರು ಕಂಟೇನರುಗಳನ್ನೂ ಒಂದೊಂದಾಗಿ ಆಜ್ಞೆ ಕೊಟ್ಟು ನಿಲ್ಲಿಸಿದರು. ಮೈಕಮ್ಮ ತಮ್ಮ ಬಿಲ್ಲೆಯನ್ನು ಉಗ್ರಾಣದ ಬಾಗಿಲಿನ ಮೊಳೆಗೆ ಗಂಭೀರವಾಗಿ ತೂಗುಹಾಕಿ ಒಳಗೆ ಹೋದರು. ಪ್ಲಗ್ಗನ್ನೂ ಕೀಳಬೇಕಿತ್ತಲ್ಲವೇ? ಕೀಳಲಿಲ್ಲ. ಕಾರ್ಡುಗಳಿಗೆ ಬೇರೆಯದೇ ಪವರ್ ಸಪ್ಲೈ ಇತ್ತು, ಅದರ ಪ್ಲಗ್ಗು ಚೌಕಟ್ಟಿನ ಹಿಂದೆ ಸಂದಿಯಲ್ಲಿತ್ತು, ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು. ನಿಂತಿದೆಯಲ್ಲ, ಸಾಕು ಎಂದುಕೊಂಡರು. ಹೊಸಬರಿಗೆ ಮೂವತ್ತೊಂದು ವರ್ಷ ಯಾವುದನ್ನು ನಂಬಬೇಡಿ ಎಂದು ಬೈದಿದ್ದರೋ ಅದನ್ನೇ ತಾವು ನಂಬಿ ಜಗಲಿಯಲ್ಲಿ ಕಾಲುಚಾಚಿ ಕೂತರು.

ಬಾಗಿಲ ಸಂದಿಯಿಂದ ಹೆಂಡತಿಯ ದನಿ ಕೇಳಿಸುತ್ತಿತ್ತು. ಬಸ್ ನಿಲ್ದಾಣದಲ್ಲಿ ಕೂಗುತ್ತಿದ್ದ ದನಿ ಅಲ್ಲ ಅದು. ಎದುರಿಗೆ ಒಬ್ಬರೇ ಕೂತಿದ್ದಾರೆ, ಅವರಿಗಷ್ಟೇ ಹೇಳುತ್ತಿದ್ದೇನೆ ಎಂಬಂಥ ದನಿ. ಐವತ್ತನೇ ನಿಮಿಷಕ್ಕೆ ಕರೆಂಟು ಹೋಯಿತು. ಹೋದರೆ ಹೋಗಲಿ, ರೆಕಾರ್ಡರು ಸೆಲ್ಲಿನದು, ಕಿಟಕಿಯಲ್ಲಿ ಬೇಕಾದಷ್ಟು ಬೆಳಕಿದೆ. ಮೈಕಮ್ಮ ಒಂದಕ್ಷರ ತಪ್ಪದೆ ಓದುತ್ತಲೇ ಇದ್ದರು. ಐವತ್ತೆರಡನೇ ನಿಮಿಷಕ್ಕೆ ಕರೆಂಟು ಬಂತು. ಸರ್ವರು ತಾನಾಗಿಯೇ ಎದ್ದಿತು. ಎದ್ದದ್ದೇ, ಎರಡು ಗಂಟೆಗೆ ಕೊಟ್ಟ 'ನಿಲ್ಲು' ಎಂಬ ಆಜ್ಞೆಯನ್ನು ಮರೆತು, ತನಗೆ ಹೇಳಿಟ್ಟ 'ಯಾವಾಗಲೂ' ಎಂಬ ಮಾತನ್ನು ನೆನಪಿಸಿಕೊಂಡು ಆರು ಕಂಟೇನರುಗಳನ್ನೂ ಎಬ್ಬಿಸಿತು.

ಪುಸ್ತಕದಲ್ಲಿ ಆಗ ಜೇನುಹುಳುಗಳು ಗೂಡು ಬಿಟ್ಟು ಒಟ್ಟಿಗೆ ಏಳುವ ಪ್ರಸಂಗ ನಡೆದಿತ್ತು. ಹುಳುಗಳು ಎದ್ದವು, ಉಗ್ರಾಣದಲ್ಲಿ ಹದಿನೆಂಟು ಫ್ಯಾನುಗಳೂ ಎದ್ದವು. ಮೈಕಮ್ಮ ಇನ್ನೆರಡು ಸಾಲು ಓದಿದರು. ಆಮೇಲೆ ದನಿ ನಿಂತಿತು.

ಮೇಸ್ತ್ರಿ ಓಡಿಬಂದು ನೋಡಿದರೆ ಬಿಲ್ಲೆ ಮೊಳೆಯಲ್ಲಿ ತೂಗುತ್ತಲೇ ಇದೆ, ಅದರ ಹಿಂದೆ ಯಂತ್ರ ಭರ್ರೆಂದು ಓಡುತ್ತಿದೆ. ಮೂರು ಬೆರಳಿನ ಕೈಯೊಂದು ಕಣ್ಣ ಮುಂದೆ ಬಂದುಹೋಯಿತು. ಮೈಕಮ್ಮ ಹೊರಗೆ ಬಂದರು. ರೇಗಿದ್ದರೆ ಚೆನ್ನಾಗಿರುತ್ತಿತ್ತು. ರೇಗಲಿಲ್ಲ. ಮೊಳೆಯಿಂದ ಬಿಲ್ಲೆ ತೆಗೆದು ಗಂಡನ ಅಂಗೈಯಲ್ಲಿಟ್ಟರು.

"ತಗೊಳ್ಳಿ. ನಿಮ್ಮ ಯಂತ್ರಕ್ಕೆ ಓದೋಕೆ ಬರಲ್ಲ ಅಂತ ಕಾಣತ್ತೆ."

ಅಷ್ಟೇ ಹೇಳಿ ಅಡುಗೆಮನೆಗೆ ಹೋದರು. ಮತ್ತೆ ಅಂದೇ ಓದುವ ಹಾಗಿರಲಿಲ್ಲ. ಗಂಟಲು ದಣಿದಿತ್ತು, ಶಾಲೆ ಬಿಟ್ಟ ಮಕ್ಕಳು ಬೀದಿ ತುಂಬಿದ್ದರು. ಉಳಿದದ್ದು ಶುಕ್ರವಾರ ಒಂದೇ. ಮೇಸ್ತ್ರಿ ಭೂಮಿಗಿಳಿದುಹೋದರು. ಫೋನು ತೆಗೆದು ಅಕ್ಕನ ಮಗಳಿಗೆ ಎಲ್ಲ ಒಪ್ಪಿಸಿದರು.

"ಅಯ್ಯೋ ಮಾವ, ಅಷ್ಟಕ್ಕೆ ಯಾಕೆ ಅಳು ದನಿ? ಅವತ್ತೇ ಕೇಳಿದ್ದೆನಲ್ಲ. ಒಂದು ಪದ ಬದಲಾಯಿಸಿದ್ರೆ ಆಯ್ತು, ಇನ್ಮೇಲೆ ನೀವು ಕೂರಿಸಿದ್ದು ಕೂತೇ ಇರತ್ತೆ. ಅತ್ತೆಗೆ ಹೇಳಿ, ಯಂತ್ರಕ್ಕೆ ಅಕ್ಷರಾಭ್ಯಾಸ ಆಯ್ತು ಅಂತ."

ಅವಳು ಹೇಳಿದಂತೆ ಆರು ಕಡೆ ಆ ಪದ ಬದಲಾಯಿಸಿದರು. ಸಾಲದೆಂಬಂತೆ ಒಂದು ಸಲ ಮೇನ್ ಸ್ವಿಚ್ ಇಳಿಸಿ ಎತ್ತಿ ಪರೀಕ್ಷೆಯನ್ನೂ ಮಾಡಿದರು. ಕಂಟೇನರುಗಳು ಜಪ್ಪಯ್ಯ ಎಂದರೂ ಏಳಲಿಲ್ಲ. ಆದರೂ ಮೇಸ್ತ್ರಿಗೆ ಸಮಾಧಾನವಿಲ್ಲ. ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ಪದದ ಮೇಲೆ ಹೆಂಡತಿಯ ಕೊನೆಯ ಅವಕಾಶವನ್ನು ನಿಲ್ಲಿಸುವುದೇ? ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚಿ ಅಲ್ಲಿನ ಪುಟ್ಟ ಸ್ವಿಚ್ಚು ಒತ್ತಿಕೊಳ್ಳುವವರೆಗೆ ಲಿಫ್ಟ್ ಒಂದಿಂಚೂ ಅಲ್ಲಾಡುವುದಿಲ್ಲ. ಅದಕ್ಕೆ ಯಾರ ಮಾತೂ, ಯಾರ ಆಜ್ಞೆಯೂ ಬೇಕಿಲ್ಲ. ಸಾಮಾನಿನ ಡಬ್ಬದಿಂದ ಅಂಥದ್ದೇ ಒಂದು ಹಳೆಯ ಸ್ವಿಚ್ಚು ಹೆಕ್ಕಿದರು. ಉಗ್ರಾಣದ ಬಾಗಿಲಿನ ಮೊಳೆ ಕಿತ್ತು, ಅಲ್ಲಿ ಕಬ್ಬಿಣದ ಕೊಕ್ಕೆ ಕೂರಿಸಿ, ಅದರ ಬುಡಕ್ಕೆ ಒಂದು ತೆಳು ಸ್ಪ್ರಿಂಗು ಕೊಟ್ಟರು. ಬಿಲ್ಲೆ ತೂಗುಹಾಕಿದರೆ ಅದರ ಭಾರಕ್ಕೆ ಕೊಕ್ಕೆ ಕೂದಲೆಳೆಯಷ್ಟು ಬಗ್ಗುತ್ತದೆ. ಬಗ್ಗಿದರೆ ಕಾರ್ಡುಗಳ ಕರೆಂಟು ಕಡಿದುಹೋಗುತ್ತದೆ. ಬಿಲ್ಲೆ ತೆಗೆಯುವವರೆಗೆ ಹದಿನೆಂಟು ಫ್ಯಾನುಗಳಲ್ಲಿ ಒಂದೂ ತಿರುಗದು. ಊಟದ ಹೊತ್ತಿಗೆ ಕೆಲಸ ಮುಗಿಯಿತು. ಮೈಕಮ್ಮ ಬಂದು ಬಿಲ್ಲೆ ತೂಗುಹಾಕಿ ನೋಡಿದರು, ತೆಗೆದು ನೋಡಿದರು, ಇನ್ನೊಮ್ಮೆ ತೂಗುಹಾಕಿದರು.

"ಈಗ ಓದು ಕಲಿತಿದೆ" ಎಂದು ನಕ್ಕರು. ಮೇಸ್ತ್ರಿಗೆ ಆಗ ಊಟ ರುಚಿಸಿತು.

ಶುಕ್ರವಾರ ಬೆಳಗ್ಗೆ ಕೆಲಸದಲ್ಲಿ ಹೊಸಬರ ತಂಡ ಬಂದಿತ್ತು. ಮೇಸ್ತ್ರಿ ಎಂದಿನಂತೆ ಎದೆ ಮುಂದೆ ಮಾಡಿ ನಿಂತರು. ಎಂದಿನ ಮಾತು ತುಟಿಯವರೆಗೆ ಬಂತು, ಅಲ್ಲೇ ನಿಂತಿತು. ಸುಳ್ಳು ಹೇಳಲು ಅವರಿಗೆ ಬಾಯಿ ಬರಲಿಲ್ಲ. "ಬಿಲ್ಲೆ ತೂಗ್ತಾ ಇರುವಾಗ ನನ್ನ ಕೈಕೆಳಗೆ ಒಂದೇ ಒಂದು ಯಂತ್ರ ಓಡಿದೆ. ನಿನ್ನೆ. ನಮ್ಮನೇಲಿ" ಎಂದು ಇಡೀ ಕತೆ ಹೇಳಿದರು. ಹೊಸಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅಂದು ಅವರೆಲ್ಲ ಹೇಳಿಸಿಕೊಳ್ಳದೆಯೇ ಮೇನ್ ಸ್ವಿಚ್ ಇಳಿಸಿ ಎರಡೆರಡು ಸಲ ನೋಡಿದರು. ಮೇಸ್ತ್ರಿ ಅರ್ಧ ದಿನ ರಜೆ ಹಾಕಿ ಮನೆಗೆ ಬಂದರು.

ಎರಡು ಗಂಟೆಗೆ ಮೈಕಮ್ಮ ಬಿಲ್ಲೆ ತೂಗುಹಾಕಿ ಒಳಗೆ ಹೋದರು. ಮೇಸ್ತ್ರಿ ಇವತ್ತು ಜಗಲಿಗೆ ಹೋಗಲಿಲ್ಲ. ಉಗ್ರಾಣದ ಬಾಗಿಲಿನ ಮುಂದೆ ಚಾಪೆ ಹಾಕಿ, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು, ಮೈಯೆಲ್ಲ ಕಿವಿಯಾಗಿ ಕೂತರು. ಕೆಮ್ಮು ಬಂದರೆ ನುಂಗಿದರು. ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಂಡರು. ಒಳಗೆ ಜೇನುಹುಳುಗಳು ಹೂವಿನಿಂದ ಹೂವಿಗೆ ಹಾರುತ್ತಿದ್ದವು. ಇಪ್ಪತ್ತು ನಿಮಿಷ, ಮೂವತ್ತು, ನಲವತ್ತು.

ನಲವತ್ತೊಂದನೇ ನಿಮಿಷಕ್ಕೆ ಕರೆಂಟು ಹೋಯಿತು.

ಮೇಸ್ತ್ರಿಗೆ ಪದ ಬದಲಾಯಿಸಿದ್ದು ಗೊತ್ತಿತ್ತು. ಸ್ವಿಚ್ಚು ಕೂರಿಸಿದ್ದೂ ಗೊತ್ತಿತ್ತು, ತಾವೇ ಕೂರಿಸಿದ್ದು. ಆದರೂ ಕೂತಲ್ಲಿ ಕೂರಲಾಗಲಿಲ್ಲ. ಹೆಂಡತಿಯ ಬಿಲ್ಲೆ ಹಗುರ ತಗಡಿನದು, ಅದರ ಭಾರ ಸಾಲದೆ ಹೋದರೆ? ಸ್ಪ್ರಿಂಗು ಕೈಕೊಟ್ಟರೆ? ಕರೆಂಟು ಯಾವ ಕ್ಷಣದಲ್ಲಾದರೂ ಬಂದೀತು. ಮೆಲ್ಲಗೆ ಎದ್ದು, ಜೇಬಿಗೆ ಕೈಹಾಕಿ, ಮೂವತ್ತೊಂದು ವರ್ಷದ ಆ ಹದಿನಾಲ್ಕನೇ ನಂಬರನ್ನು ತೆಗೆದು, ಹೆಂಡತಿಯ ಬಿಲ್ಲೆಯ ಪಕ್ಕದಲ್ಲಿ ಅದೇ ಕೊಕ್ಕೆಗೆ ತೂಗುಹಾಕಿದರು. ಎಷ್ಟು ನಾಜೂಕಾಗಿ ಹಾಕಿದರೂ ಹಿತ್ತಾಳೆಗೆ ಹಿತ್ತಾಳೆ ತಾಗಿ ಟಿಣ್ ಎಂದಿತು.

ಮೇಸ್ತ್ರಿ ಕಲ್ಲಾದರು. ಒಳಗಿನ ದನಿ ಮಾತ್ರ ಎಳ್ಳಷ್ಟೂ ಎಡವದೆ ಹರಿಯುತ್ತಿತ್ತು. ಕೇಳಿಸಿಲ್ಲ ಎಂದುಕೊಂಡರು. ಎರಡು ನಿಮಿಷಕ್ಕೆ ಕರೆಂಟು ಬಂತು. ಸರ್ವರಿನ ಪುಟ್ಟ ದೀಪ ಹತ್ತಿತು. ಕಾರ್ಡುಗಳು ತೆಪ್ಪಗಿದ್ದವು. ಉಳಿದ ಹದಿನೇಳು ನಿಮಿಷವನ್ನು ಮೇಸ್ತ್ರಿ ನಿಂತೇ ಕಳೆದರು. ಮೈಕಮ್ಮ ಹೊರಗೆ ಬಂದಾಗ ಮುಖ ಬೆವತಿತ್ತು, ಕಣ್ಣು ಹೊಳೆಯುತ್ತಿತ್ತು. ಕೊಕ್ಕೆಯಲ್ಲಿದ್ದ ಎರಡು ಬಿಲ್ಲೆಗಳನ್ನು ನೋಡಿದರು. ತಮ್ಮದನ್ನು ಮಾತ್ರ ತೆಗೆದುಕೊಂಡರು.

ಶನಿವಾರ ಇಬ್ಬರೂ ಗ್ರಂಥಾಲಯಕ್ಕೆ ಹೋದರು. ಅಲ್ಲಿನ ಮುಖ್ಯಸ್ಥೆಗೆ ಹುಟ್ಟಿನಿಂದ ಕಣ್ಣು ಕಾಣದು. ಕಿವಿಗೆ ಮೋಸ ಮಾಡಿ ಅವರಿಂದ ಪಾರಾದವರು ಯಾರೂ ಇಲ್ಲ ಎಂದು ಬಾಗಿಲಲ್ಲಿದ್ದ ಸಿಪಾಯಿಯೇ ಹೇಳಿ ಹೆದರಿಸಿದ್ದ. ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೇಜಿನ ಮೇಲೆ ಬೆರಳುಗಳನ್ನು ಹರಡಿ ಕೇಳುತ್ತಾ ಕೂತರು. ಮೈಕಮ್ಮ ಸೆರಗಿನ ತುದಿ ತಿರುಚುತ್ತಿದ್ದರು. ಮೇಸ್ತ್ರಿ ಗೋಡೆಯ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಅರ್ಧ ಗಂಟೆ ದಾಟುವ ಹೊತ್ತಿಗೆ ಮುಖ್ಯಸ್ಥೆಯ ಮುಖದಲ್ಲಿ ನಗು ಮೂಡಿತು. ಬಹುಶಃ ರಾಣಿಜೇನು ಹುಟ್ಟಿರಬೇಕು. ನಲವತ್ತೊಂದನೇ ನಿಮಿಷಕ್ಕೆ ಅವರ ಬೆರಳುಗಳು ತಟ್ಟನೆ ಮಡಚಿಕೊಂಡವು. ಗುಂಡಿ ಒತ್ತಿ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಓಡಿಸಿ, ಮತ್ತೆ ಕೇಳಿದರು. ಯಂತ್ರ ಸುಮ್ಮನಿದ್ದರೂ ತಾನು ಸುಮ್ಮನಿರಲಾರದೆ ಕೆಡಿಸಿಬಿಟ್ಟೆನಲ್ಲ ಎಂದು ಮೇಸ್ತ್ರಿ ಕೈಕೈ ಹಿಸುಕಿಕೊಂಡರು.

ಮುಖ್ಯಸ್ಥೆ ಹೆಡ್‌ಫೋನ್ ತೆಗೆದರು. "ಓದು ತುಂಬಾ ಚೆನ್ನಾಗಿದೆ ಅಮ್ಮ. ಉಳಿದದ್ದು ಕೇಳೋ ಮುಂಚೆನೇ ಹೇಳಿಬಿಡ್ತೀನಿ, ನೀವು ನಮಗೆ ಬೇಕು. ಆದ್ರೆ ಇಲ್ಲಿ ಏನೋ ಟಿಣ್ ಅಂತು. ತುಂಬಾ ಚಿಕ್ಕ ಸದ್ದು, ನಾವೇ ತೆಗೆದುಬಿಡಬಹುದು. ಏನದು?"

ಮೇಸ್ತ್ರಿ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದರು. ಮೈಕಮ್ಮ ಅವರ ಮಂಡಿಯ ಮೇಲೆ ಕೈಯಿಟ್ಟು ತಡೆದರು.

"ತೆಗೀಬೇಡಿ ಮೇಡಂ, ಇರಲಿ" ಎಂದರು. "ಅದು ನಮ್ಮ ಮನೆಯವರು."

ಮುಖ್ಯಸ್ಥೆ ತಲೆಯಾಡಿಸಿ ಹೆಡ್‌ಫೋನನ್ನು ಮತ್ತೆ ಕಿವಿಗೇರಿಸಿಕೊಂಡು, ಉಳಿದ ಹತ್ತೊಂಬತ್ತು ನಿಮಿಷ ಕೇಳಲು ಕೂತರು.